ಈಜುಕೊಳವಿರುವ ಮನೆ ಮಾರಾಟಕ್ಕಿದೆ

ಮಾಲೂರಿನಲ್ಲಿ ಹಿತ್ತಿಲಿಗೆ ಹೋಗುವ ಮುಂಚೆ ತಲೆಗೆ ರಬ್ಬರ್ ಟೋಪಿ ಹಾಕಿಕೊಳ್ಳುವ ಹೆಂಗಸು ನಮ್ಮ ಅತ್ತೆಯೊಬ್ಬರೇ ಎಂದು ನಾನು ಯಾರ ಮುಂದೆ ಬೇಕಾದರೂ ಪಣ ಕಟ್ಟುತ್ತೇನೆ. ಕೆಂಪು ಟೋಪಿ. ದೂರದಿಂದ ನೋಡಿದರೆ ಟೊಮೆಟೊ ಒಂದು ಎದ್ದು ನಡೆದುಕೊಂಡು ಬಂದಂತೆ ಕಾಣುತ್ತದೆ. ಕೋಲಾರದವರಿಗೆ ಟೊಮೆಟೊ ಏನು ಹೊಸದೇ? ಆದರೆ ಟೋಪಿಯ ಕೆಳಗೆ ನೈಟಿ, ನೈಟಿಯ ಕೆಳಗೆ ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ವಿಷಲ್ಲು ಇರುವ ಟೊಮೆಟೊವನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದಾಗಲೆಲ್ಲ ತಲೆ ತಗ್ಗಿಸಿದ್ದೇನೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದು ನಿವೃತ್ತರಾದವರು. ಮಾವ ತೀರಿಕೊಂಡು ಬಹಳ ವರ್ಷಗಳಾದವು, ಮಕ್ಕಳಿಲ್ಲ. ನಿವೃತ್ತಿಯಾದರೂ ವಿಷಲ್ಲು ಮಾತ್ರ ಕೊರಳು ಬಿಟ್ಟಿಳಿಯಲಿಲ್ಲ. ಹಿಂದೆ ನನ್ನ ಮದುವೆಯಲ್ಲಿ ಊಟದ ಪಂಕ್ತಿ ಸೊಟ್ಟಗಿದೆ ಎಂದು ಅತ್ತೆ ಒಂದು ಸಲ ಊದಿದರು ನೋಡಿ, ಬೀಗರ ಕಡೆಯ ಎಪ್ಪತ್ತು ಜನ ಎಲೆಯ ಮುಂದಿನಿಂದ ದಡಬಡಿಸಿ ಎದ್ದು ನಿಂತರು! ಒಬ್ಬ ತಾತ ಕೈ ಮುಂದೆ ಚಾಚಿ ಅಂತರವನ್ನೂ ಅಳೆದ. ನನ್ನ ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಇಂಥ ಅತ್ತೆ ನಿವೃತ್ತರಾದ ವರ್ಷ ಮಾಲೂರಿನ ತಮ್ಮ ಮನೆಯ ಹಿತ್ತಿಲಲ್ಲಿ ಗುಂಡಿ ತೋಡಿಸಿದರು. ಸಂಪ್ ಇರಬೇಕು ಎಂದುಕೊಂಡೆವು. ಗಾರೆ ಕೆಲಸದ ಮೇಸ್ತ್ರಿಯೂ ಹಾಗೇ ಅಂದುಕೊಂಡಿದ್ದ. ಮೆಟ್ಟಿಲು ಕಟ್ಟು ಎಂದಾಗ ಅವನಿಗೆ ಅನುಮಾನ ಬಂತು.

"ಮೇಡಂ, ಸಂಪಿಗೆ ಮೆಟ್ಲು ಯಾಕೆ?"

"ಇಳಿಯೋಕೆ."

"ಸಂಪೊಳಗೆ ಇಳಿದು ಏನ್ಮಾಡ್ತೀರಾ?"

"ಹತ್ತುತೀನಿ!"

ನೀಲಿ ಟೈಲ್ಸ್ ಬಂದಿಳಿದ ದಿನ ಮೇಸ್ತ್ರಿ ನನಗೆ ಫೋನು ಮಾಡಿ, "ಸಾರ್, ನಿಮ್ಮತ್ತೆಗೆ ಮೈ ಹುಷಾರಾಗಿದೆ ತಾನೇ?" ಎಂದು ಮೆಲ್ಲಗೆ ಕೇಳಿದ. ಇಪ್ಪತ್ತನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಒಂದು ತುದಿಯಲ್ಲಿ ಮೂರೂವರೆ ಅಡಿ, ಇನ್ನೊಂದು ತುದಿಯಲ್ಲಿ ಐದೂವರೆ ಅಡಿ ಆಳ. ಸ್ವಿಮ್ಮಿಂಗ್ ಪೂಲು! ಅದೂ ಎಲ್ಲಿ? ಸಾವಿರದಿನ್ನೂರು ಅಡಿ ಕೊರೆಸಿದರೂ ಬೋರ್‌ವೆಲ್ ಬರೀ ಧೂಳು ಕಾರುವ ನಮ್ಮ ಕೋಲಾರ ಜಿಲ್ಲೆಯಲ್ಲಿ!

ನಾನು ಕೋಲಾರದಲ್ಲಿ ಒಂದು ಕಚೇರಿಯ ಗುಮಾಸ್ತ. ನಾಲ್ಕು ಜನರ ನಡುವೆ ಮರ್ಯಾದೆಯಿಂದ ಬದುಕಬೇಕಾದವನು. ಒಂದು ಭಾನುವಾರ ಮಾಲೂರಿಗೆ ಹೋದಾಗ ಅತ್ತೆಯ ಎದುರುಮನೆಯ ಹೆಂಗಸು ಖಾಲಿ ಕೊಡಗಳ ಸಾಲಿನ ನಡುವೆ ನಿಂತು ನನ್ನನ್ನು ತಡೆದರು. "ನಮ್ಗೆ ಕುಡಿಯೋಕೆ ನೀರಿಲ್ಲ. ನಿಮ್ಮತ್ತೆ ಮುಳುಗೋಕೆ ನೀರು ಇಟ್ಕೊಂಡವ್ರೆ!" ಎಂದರು. ಅತ್ತೆ ತಾರಸಿಯ ಮಳೆನೀರನ್ನೆಲ್ಲ ಹಿಡಿದು ತುಂಬಿಸುತ್ತಾರೆ, ಒಮ್ಮೆ ತುಂಬಿದ್ದನ್ನು ಸೋಸಿ ಸೋಸಿ ವರ್ಷವಿಡೀ ಬಳಸುತ್ತಾರೆ ಎಂದು ವಿವರಿಸಬಹುದಿತ್ತು. ಮೊಬೈಲನ್ನು ಕಿವಿಗೆ ಇಟ್ಟುಕೊಂಡು, ಯಾರ ಜೊತೆಯೋ ಮಾತನಾಡುವವನಂತೆ ಮುಂದೆ ಹೋದೆ. ಫೋನು ಬಂದಿರಲಿಲ್ಲ.

ಸುದ್ದಿ ಕಚೇರಿಗೂ ಬಂತು. ನಮ್ಮ ಸಾಹೇಬರು ಎಲ್ಲರ ಮುಂದೆ, "ಏನ್ರೀ, ನಿಮ್ಮ ಮನೆತನದಲ್ಲಿ ಈಜುಕೊಳ ಇದೆಯಂತೆ?" ಎಂದರು. ಆಡಿಕೊಂಡು ನಗುವ ದನಿ. ಅವಮಾನದಲ್ಲಿ ನನ್ನ ಬಾಯಿಂದ ಒಂದು ಸುಳ್ಳು ಜಾರಿತು. "ಇಲ್ಲ ಸಾರ್, ಅದು ಮೀನು ಸಾಕೋ ತೊಟ್ಟಿ."

"ಹೌದಾ? ಯಾವ ಮೀನು?"

"ಕಾಟ್ಲಾ ಸಾರ್."

"ತರ್ರೀ ಒಂದೆರಡು!"

ಸೋಮವಾರ ಬೆಳಗ್ಗೆ ನಾನು ಕೆರೆ ಏರಿಯ ಪಕ್ಕ ಮೀನು ಮಾರುವವನ ಹತ್ತಿರ ಎರಡು ಕಾಟ್ಲಾ ಕೊಂಡು, ಟಿಫನ್ ಚೀಲದಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಸಾಹೇಬರಿಗೆ ರುಚಿ ಬಹಳ ಹಿಡಿಸಿತು. ಅವರಿಗೆ ವರ್ಗವಾಗುವವರೆಗೆ, ಎಂದರೆ ಹದಿನಾಲ್ಕು ತಿಂಗಳು, ನಮ್ಮ ಅತ್ತೆಯ ಈಜುಕೊಳದಲ್ಲಿ ಮೀನು ಬೆಳೆಯುತ್ತಲೇ ಇತ್ತು! ನಾವು ಮನೆಯಲ್ಲಿ ಮೊಟ್ಟೆಯನ್ನೂ ತಿನ್ನದವರು ಎಂಬುದನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕೇ?

ಕೊಳದಲ್ಲಿ ಅತ್ತೆಯೊಬ್ಬರೇ ಇಳಿದಿದ್ದರೆ ಹೇಗೋ ಸಹಿಸಬಹುದಿತ್ತು. ಬೀದಿಯ ಹೆಣ್ಣುಮಕ್ಕಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಚೂಡಿದಾರದಲ್ಲೇ ನೀರಿಗಿಳಿಸಿ, ಕಂಬಿ ಹಿಡಿದು ಕಾಲು ಬಡಿಯಿರಿ ಎಂದು ವಿಷಲ್ಲು ಊದುತ್ತಿದ್ದರು. ನಾನು ಹೋದಾಗಲೆಲ್ಲ ಅಂಗಳದ ತಂತಿಯ ಮೇಲೆ ಹತ್ತು ಹನ್ನೆರಡು ವೇಲುಗಳು ತೊಟ್ಟಿಕ್ಕುತ್ತಿದ್ದವು. ನನಗದು ಹುಚ್ಚಿನ ಇನ್ನೊಂದು ಲಕ್ಷಣವಾಗಿ ಕಾಣುತ್ತಿತ್ತು.

ಹೋದ ವರ್ಷ ಅತ್ತೆಯ ಮಂಡಿನೋವು ಜೋರಾಯಿತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದರು. ನಾನೂ ನನ್ನ ಹೆಂಡತಿಯೂ ಕೋಲಾರಕ್ಕೆ ಬಂದು ನಮ್ಮ ಜೊತೆಯಲ್ಲಿರಬೇಕು, ಈ ಮನೆ ಮಾರಿಬಿಡೋಣ ಎಂದು ಬೆನ್ನು ಹತ್ತಿದೆವು. ನಿಜ ಹೇಳಿಬಿಡುತ್ತೇನೆ. ಅತ್ತೆಯ ಮಂಡಿಯ ಚಿಂತೆ ನನಗೆ ಅರ್ಧ. ಆ ನೀಲಿ ಗುಂಡಿ ನಮ್ಮ ವಂಶದಿಂದ ತೊಲಗಲಿ ಎಂಬುದು ಇನ್ನರ್ಧ. ಅತ್ತೆ ಎರಡು ತಿಂಗಳು ಯೋಚಿಸಿ ಒಪ್ಪಿದರು. ಒಂದೇ ಷರತ್ತು.

"ಕೊಂಡ್ಕೊಳೋರು ಪೂಲು ಮುಚ್ಚಬಾರದು. ಅಷ್ಟು ಮಾತು ಕೊಟ್ರೆ ಸಾಕು, ರೇಟು ಹೆಂಗೋ ಆಗ್ಲಿ."

ನಾನು ಒಬ್ಬ ಬ್ರೋಕರನ್ನು ಹಿಡಿದೆ. "ಈಜುಕೊಳ ಇದ್ದರೆ ಮನೆಗೆ ಬೆಲೆ ಏರುತ್ತಾ, ಇಳಿಯುತ್ತಾ?" ಎಂದು ಕೇಳಿದೆ. ಆತ ಹಿತ್ತಿಲನ್ನು ಒಂದು ಸುತ್ತು ಹಾಕಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ಪಕ್ಕಕ್ಕೆ ಸರಿಸಿಕೊಂಡ.

"ಬೆಂಗ್ಳೂರಲ್ಲಿ ಏರ್ತದೆ ಸಾರ್. ಹೊಸಕೋಟೆ ದಾಟಿದ್ರೆ ಇಳೀತದೆ. ಮಾಲೂರಲ್ಲಿ ಮುಚ್ಚೋಕೆ ಎಷ್ಟು ಲೋಡ್ ಮಣ್ಣು ಬೇಕು ಅಂತ ಲೆಕ್ಕ ಹಾಕಿ, ಅದನ್ನ ರೇಟಲ್ಲಿ ಮುರ್ಕೋತಾರೆ."

ಮೊದಲು ಬಂದವರು ಗಂಡ ಹೆಂಡತಿ. ಜೊತೆಗೆ ವಾಸ್ತು ನೋಡುವವರೊಬ್ಬರನ್ನು ಕರೆದುಕೊಂಡು ಬಂದಿದ್ದರು. ಆತ ಕೈಯಲ್ಲಿ ದಿಕ್ಸೂಚಿ ಹಿಡಿದು ಹಾಲ್, ಅಡುಗೆಮನೆ, ದೇವರಮನೆ ಎಲ್ಲಕ್ಕೂ ತಲೆದೂಗಿದರು. ಹಿತ್ತಿಲ ಬಾಗಿಲು ತೆಗೆದದ್ದೇ ತಡ, "ನೈಋತ್ಯದಲ್ಲಿ ನೀರು!" ಎಂದು ಕಿರುಚಿ ಹಿಂದಕ್ಕೆ ಹಾರಿದರು. ಅಷ್ಟರಲ್ಲಿ ಆ ನೈಋತ್ಯದ ನೀರಿನೊಳಗಿಂದ ಕೆಂಪು ಟೋಪಿಯೊಂದು ಬುಳುಕ್ಕನೆ ಮೇಲೆದ್ದು, "ಬನ್ನಿ ಬನ್ನಿ, ಕಾಫಿ ಕುಡೀತೀರಾ?" ಎಂದಿತು. ಮೂವರೂ ಗೇಟಿನ ಹತ್ತಿರ ಬಿಟ್ಟಿದ್ದ ಚಪ್ಪಲಿಯನ್ನು ಸರಿಯಾಗಿ ಮೆಟ್ಟಿಕೊಳ್ಳದೆಯೇ ಹೊರಟುಹೋದರು.

ಎರಡನೆಯವರು ಮಾಸ್ತಿ ಕಡೆಯ ಹೈನುಗಾರರು, ಹದಿನೆಂಟು ಸೀಮೆಹಸು ಕಟ್ಟಿದವರು. ಅವರಿಗೆ ಕೊಳ ಕಂಡು ಬಹಳ ಸಂತೋಷವಾಯಿತು. ಬಗ್ಗಿ ಟೈಲ್ಸ್ ಮುಟ್ಟಿ ನೋಡಿದರು. ಅತ್ತೆಯ ಕಣ್ಣಲ್ಲಿ ಆಸೆ ಮೂಡಿತು.

"ಭಲೇ ಕಟ್ಸಿದ್ದೀರಮ್ಮಾ. ಎಷ್ಟು ಟನ್ ಹಿಡೀತದೆ?"

"ಟನ್ನಾ?"

"ಮೇವು! ಜೋಳದ ಕಡ್ಡಿ ಕತ್ತರಿಸಿ ತುಂಬಿ, ಮೇಲೆ ಟಾರ್ಪಾಲ್ ಮುಚ್ಚಿದ್ರೆ ಆರು ತಿಂಗಳು ಕೆಡಲ್ಲ. ಮೇವಿನ ಗುಂಡಿಗೆ ಟೈಲ್ಸ್ ಹಾಕಿರೋರನ್ನ ನಾನು ಎಲ್ಲೂ ನೋಡಿಲ್ಲ!"

ಅತ್ತೆ ವಿಷಲ್ಲು ಊದಿದರು. ಸಂದರ್ಶನ ಮುಗಿಯಿತು ಎಂದು ಅರ್ಥ.

ಹೀಗೆ ಐದಾರು ಜನ ಬಂದು ಹೋದ ಮೇಲೆ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಿಜವಾಗಿಯೂ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಶ್ರೀನಿವಾಸಪುರದಲ್ಲಿ ಮಾವಿನಹಣ್ಣಿನ ಮಂಡಿ ಇಟ್ಟಿರುವ ಯಜಮಾನರೊಬ್ಬರು ಮನೆ ನೋಡಲು ಬರುವವರಿದ್ದರು. ಐವತ್ತೈದು ವಯಸ್ಸು, ಬೋಳುತಲೆ, ಒಳ್ಳೆಯ ಮನುಷ್ಯ. ನಾನು ಮುಂಚೆಯೇ ಅವರನ್ನು ಹೋಟೆಲಿನಲ್ಲಿ ಕಂಡು ದೋಸೆ ತಿನ್ನಿಸಿ ಪಾಠ ಹೇಳಿದೆ. "ಯಜಮಾನ್ರೇ, ಅತ್ತೆ ಮುಂದೆ ಈಜು ಅಂದ್ರೆ ನಂಗೆ ಪ್ರಾಣ ಅನ್ನಿ. ಪೂಲು ಮುಚ್ಚಲ್ಲ ಅಂತ ಮಾತು ಕೊಡಿ. ರಿಜಿಸ್ಟ್ರೇಷನ್ ಆದ್ಮೇಲೆ ಮನೆ ನಿಮ್ದು. ಮಣ್ಣು ಹೊಡಿಸ್ಕೊಳ್ಳಿ, ಯಾರು ಕೇಳ್ತಾರೆ?" ಅವರು ಚಟ್ನಿಯಲ್ಲಿ ದೋಸೆ ಅದ್ದುವುದನ್ನು ನಿಲ್ಲಿಸಿ, "ಪೆದ್ದಮ್ಮಂಗೆ, ಅಂಥ ದೊಡ್ಡೋರಿಗೆ, ಸುಳ್ಳು ಹೇಳ್ಬೇಕಾ?" ಎಂದರು. ನಾನು ಇನ್ನೊಂದು ದೋಸೆ ತರಿಸಿದೆ.

ಅವರು ಬರುವ ಭಾನುವಾರ ಬೆಳಗ್ಗೆ ಬೀದಿಯ ಹೆಣ್ಣುಮಕ್ಕಳನ್ನು ಗೇಟಿನಲ್ಲೇ ತಡೆದು, ಇವತ್ತು ಈಜು ಇಲ್ಲ, ಇನ್ನು ಮುಂದೆಯೂ ಇರಲಿಕ್ಕಿಲ್ಲ ಎಂದು ಕಳಿಸಿದೆ.

ಯಜಮಾನರು ಪಾಠವನ್ನು ಚೆನ್ನಾಗಿಯೇ ಒಪ್ಪಿಸಿದರು. "ಈಜು ಅಂದ್ರೆ ನಂಗೆ ಪ್ರಾಣ ಅಮ್ಮಾ. ಈ ಪೂಲು ನೋಡೇ ಮನೆ ತಗೋಬೇಕು ಅನ್ನಿಸ್ತು." ಅತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅವರನ್ನು ಇಷ್ಟು ವರ್ಷಗಳಲ್ಲಿ ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ. ನಾನು ಮುಖ ತಿರುಗಿಸಿ ಒಮ್ಮೆ ಕೆಮ್ಮಿದೆ.

"ಹಂಗಾದ್ರೆ ಒಂದು ರೌಂಡ್ ಹೊಡೀರಿ!" ಎಂದರು ಅತ್ತೆ.

"ಆ? ಬಟ್ಟೆ ತಂದಿಲ್ಲಮ್ಮಾ…"

"ನಮ್ಮನೆಯವ್ರ ಚಡ್ಡಿ ಇದೆ, ತರ್ತೀನಿ."

ಯಜಮಾನರು ನನ್ನನ್ನು ನೋಡಿದರು. ನಾನು ತೆಂಗಿನಮರದಲ್ಲಿ ಎಷ್ಟು ಕಾಯಿಗಳಿವೆ ಎಂದು ಎಣಿಸುತ್ತಿದ್ದೆ.

ಮಾವನ ಚಡ್ಡಿ ಹಾಕಿಕೊಂಡು, ಕಂಬಿ ಹಿಡಿದುಕೊಂಡು ಅವರು ಮೂರೂವರೆ ಅಡಿಯಲ್ಲಿ ಇಳಿದರು. ಅಲ್ಲಿ ನಿಂತು ಧೈರ್ಯ ಬಂದಿರಬೇಕು, ಒಂದು ನಗೆ ನಕ್ಕರು. ಅತ್ತೆ ಅಭ್ಯಾಸಬಲದಿಂದ ವಿಷಲ್ಲು ಊದಿದರು. ವಿಷಲ್ಲಿಗೆ ಅದೇನು ಶಕ್ತಿಯೋ! ಆ ಮನುಷ್ಯ ಕಂಬಿ ಬಿಟ್ಟು ಎರಡು ಹೆಜ್ಜೆ ಮುಂದಿಟ್ಟರು. ಇಳಿಜಾರಿನಲ್ಲಿ ಕಾಲು ಜಾರಿತು. ಆಳದ ಕಡೆ ಹೋಗಿ ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. "ಅಮ್ಮೋ, ಚಚ್ಚಿಪೋತಾ!" ಎಂಬ ಕೂಗು ಕೇಳಿತು. ಶ್ರೀನಿವಾಸಪುರದವರು ವ್ಯಾಪಾರವನ್ನು ಕನ್ನಡದಲ್ಲೇ ಮಾಡಿದರೂ ಸಾಯುವುದು ಮಾತ್ರ ತೆಲುಗಿನಲ್ಲಿ ಎಂದು ನನಗೆ ಅವತ್ತು ತಿಳಿಯಿತು.

ನಾನೇನು ಮಾಡಿದೆ? ಓಡಿದೆ. ಕೊಳದ ಸುತ್ತ ಓಡಿದೆ. "ಅಯ್ಯೋ, ಅಯ್ಯೋ, ಯಾರಾದ್ರೂ ಬನ್ರೋ!" ಎಂದು ಕೂಗುತ್ತ ಮೂರು ಸುತ್ತು ಓಡಿದೆ. ನನಗೆ ಈಜು ಬರುವುದಿಲ್ಲ. ಗೋಡೆ ಹಿಡಿದು ನಡೆಯುತ್ತಿದ್ದ ಅತ್ತೆ ನಿಂತ ನಿಲುವಿನಲ್ಲೇ ನೀರಿಗೆ ಹಾರಿದರು. ಹಿಡಿಯಲು ಯಜಮಾನರ ತಲೆಯಲ್ಲಿ ಕೂದಲಿರಲಿಲ್ಲ. ಹಿಂದಿನಿಂದ ಕಂಕುಳಿಗೆ ಕೈ ಹಾಕಿ, ಮುಖವನ್ನು ಮೇಲೆ ಮಾಡಿಸಿ, ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂರಿಸಿದರು. ಒಂದು ನಿಮಿಷವೂ ಆಗಿರಲಿಲ್ಲ.

ಯಜಮಾನರು ನೀರು ಕಕ್ಕಿದರು. ಅದರ ಹಿಂದೆಯೇ ನಿಜವನ್ನೂ ಕಕ್ಕಿದರು.

"ನಂಗೆ ಈಜು ಬರಲ್ಲ ತಲ್ಲೀ! ಪ್ರಾಣ ಅಂತ ಹೇಳು ಅಂದೋನು ನಿಮ್ಮ ಅಳಿಯ! ರಿಜಿಸ್ಟ್ರೇಷನ್ ಆದ್ಮೇಲೆ ಮಣ್ಣು ಹೊಡಿಸ್ಕೋ ಅಂದೋನೂ ಅವ್ನೇ! ನಂಗೆ ಎರಡು ದೋಸೆ ತಿನ್ನಿಸ್ಬಿಟ್ಟ!"

ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಯಜಮಾನರ ತಲೆ ಒರೆಸಿದರು, ಬಿಸಿ ಮೆಣಸಿನ ಸಾರು ಕುಡಿಸಿದರು, ಉಸಿರಾಟ ಸರಿಯಾಗುವವರೆಗೆ ಪಕ್ಕದಲ್ಲೇ ಕೂತಿದ್ದು, ಎದುರುಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ತೋರಿಸಿಕೊಂಡು ಹೋಗಲು ಕಳಿಸಿದರು. ನಾನು ಅಷ್ಟು ಹೊತ್ತೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತೇ ಇದ್ದೆ. ನಲವತ್ತಾರು ವರ್ಷದ ಗಂಡಸು, ಹೋಂವರ್ಕ್ ಮಾಡದೆ ಬಂದ ಹುಡುಗನ ಹಾಗೆ. ಅತ್ತೆ ಬಂದು ಮೆಟ್ಟಿಲ ಮೇಲೆ ಕೂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನೀನು ಇವತ್ತು ಸುತ್ತ ಓಡ್ತಿದ್ದೆಯಲ್ಲ," ಎಂದರು. "ನಾನೂ ಹಂಗೇ ಓಡಿದ್ದೆ ಕಣೋ."

"ಯಾವಾಗತ್ತೆ?"

"ರಿಟೈರ್ ಆಗೋಕೆ ನಾಕು ವರ್ಷ ಮುಂಚೆ. ಸ್ಕೂಲ್ ಪಕ್ಕದ ಹೊಲದಲ್ಲಿ ಕೃಷಿ ಹೊಂಡ ಮಾಡಿದ್ರು. ನೀರು ಇಂಗಬಾರದು ಅಂತ ಪ್ಲಾಸ್ಟಿಕ್ ಹಾಸಿರ್ತಾರಲ್ಲ, ಅದು. ಒಂಬತ್ತನೇ ಕ್ಲಾಸು, ಎಂಟನೇ ಕ್ಲಾಸು, ಅಕ್ಕ ತಂಗಿ. ಇಬ್ರೂ ನನ್ನ ಖೋಖೋ ಟೀಮು. ಬಟ್ಟೆ ಒಗೆಯೋಕೆ ಹೋಗವ್ರೆ. ಚಿಕ್ಕೋಳು ಜಾರಿದ್ಲು, ದೊಡ್ಡೋಳು ಕೈ ಕೊಡೋಕೆ ಹೋದ್ಲು. ಕೂಗು ಕೇಳಿ ಓಡ್ದೆ. ನಂಗೆ ಈಜು ಬರ್ತಿರ್ಲಿಲ್ಲ. ಸೀರೆ ಬಿಚ್ಚಿ ಎಸೆದೆ. ಮುಟ್ಲಿಲ್ಲ. ಸುತ್ತ ಓಡ್ದೆ, ವಿಷಲ್ ಊದ್ದೆ… ಅವರಿಗೆ ಓಡೋದು ಹೇಳ್ಕೊಟ್ಟೆ, ನೆಗೆಯೋದು ಹೇಳ್ಕೊಟ್ಟೆ. ಇದೊಂದು ಹೇಳ್ಕೊಡ್ಲಿಲ್ಲ. ನಂಗೇ ಬರ್ತಿರ್ಲಿಲ್ವಲ್ಲೋ."

ಅತ್ತೆ ಅಳಲಿಲ್ಲ. ಒದ್ದೆಯಾದ ನೈಟಿಯ ಅಂಚನ್ನು ಹಿಂಡುತ್ತಿದ್ದರು.

"ಅವತ್ತು ಸಾಯಂಕಾಲ ನಿಂಗೆ ಫೋನ್ ಮಾಡಿದ್ದೆ," ಎಂದರು. ದೂರುವ ದನಿಯಿರಲಿಲ್ಲ, ಸುಮ್ಮನೆ ನೆನಪಾಗಿ ಹೇಳಿದಂತಿತ್ತು.

ನನಗೂ ನೆನಪಾಯಿತು. ನನ್ನ ಹೊಸ ಮನೆಯ ಗೃಹಪ್ರವೇಶದ ಪತ್ರಿಕೆ ಹಂಚುತ್ತ ಸ್ಕೂಟರಿನ ಮೇಲಿದ್ದೆ. "ಅತ್ತೆ, ಅರ್ಜೆಂಟಲ್ಲಿದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟಿದ್ದೆ. ಆಮೇಲೆ ಮಾಡಿದ್ದು ನಾಲ್ಕು ದಿನ ಕಳೆದು. ಅದೂ ಗೃಹಪ್ರವೇಶಕ್ಕೆ ಎರಡು ದಿನ ಮುಂಚೆಯೇ ಬಂದು ಅಡುಗೆಯವರ ಮೇಲೆ ಒಂದು ಕಣ್ಣಿಡು ಎಂದು ಹೇಳಲು. ಅತ್ತೆ ಬಂದಿದ್ದರು. ಎರಡು ದಿನ ನಿಂತು ದುಡಿದಿದ್ದರು. ಏನೂ ಹೇಳಿರಲಿಲ್ಲ. ನಾನು ಏನೂ ಕೇಳಿರಲಿಲ್ಲ. ಆ ವರ್ಷದಿಂದಲೇ ಅತ್ತೆ ಪ್ರತಿ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಈಜು ಕಲಿತರಂತೆ. ಐವತ್ತಾರನೆಯ ವಯಸ್ಸಿನಲ್ಲಿ, ಎಳೆಯ ಮಕ್ಕಳ ನಡುವೆ, ಅವರ ನಗು ಕೇಳಿಸಿಕೊಂಡು. ನಮ್ಮ ಮನೆಯಲ್ಲಿ ಆ ವರ್ಷವನ್ನು ನಾವು "ಅತ್ತೆಗೆ ತಲೆ ಕೆಟ್ಟ ವರ್ಷ" ಎಂದು ಕರೆಯುತ್ತಿದ್ದೆವು. ನಗಲು ಬೇರೇನೂ ಸಿಗದಿದ್ದಾಗ ಆ ಮಾತು ತೆಗೆಯುತ್ತಿದ್ದವನು ನಾನೇ.

ಮುಂದಿನ ಭಾನುವಾರ ಕ್ಷಮೆ ಕೇಳೋಣವೆಂದು ನಾನು ಮತ್ತೆ ಮಾಲೂರಿಗೆ ಹೋದೆ. ಮನೆಯ ಮುಂದೆ ಒಂದು ಗೂಡ್ಸ್ ಗಾಡಿ ನಿಂತಿತ್ತು. ಮಾವಿನ ಮಂಡಿಯ ಯಜಮಾನರು! ದೂರು ಕೊಡಲು ಜನರನ್ನು ಕಟ್ಟಿಕೊಂಡು ಬಂದಿದ್ದಾರೆ ಎಂದುಕೊಂಡು ನಾನು ಗೇಟಿನ ಹತ್ತಿರವೇ ನಿಂತೆ. ಗಾಡಿಯ ಹಿಂದಿನಿಂದ ಅವರ ಹೆಂಡತಿ, ಇಬ್ಬರು ಸೊಸೆಯರು, ಮೂವರು ಮೊಮ್ಮಕ್ಕಳು ಒಬ್ಬೊಬ್ಬರಾಗಿ ಇಳಿದರು. ಎಲ್ಲರ ಕೈಯಲ್ಲೂ ಟವೆಲ್ಲು.

"ಮನೆ ಬೇಡಮ್ಮಾ," ಎನ್ನುತ್ತಿದ್ದರು ಯಜಮಾನರು, ಅತ್ತೆಯ ಮುಂದೆ ಕೈಮುಗಿದು. "ತೋಟದಲ್ಲಿ ನಮ್ದೂ ಒಂದು ಹೊಂಡ ಇದೆ. ಇಷ್ಟು ದಿನ ಬೇಲಿ ಕೂಡ ಹಾಕ್ಸಿರ್ಲಿಲ್ಲ. ಮೊನ್ನೆ ನೀರೊಳಗೆ ಇದ್ದಾಗ ಈ ಮೂರು ಮುಖಾನೇ ಕಣ್ಮುಂದೆ ಬಂತು. ಬೇಲಿ ಹಾಕ್ಸಿದೀನಿ. ಇವ್ರಿಗೆ ಈಜು ಹೇಳ್ಕೊಡಿ. ಆಮೇಲೆ ನಂಗೂ."

ಅತ್ತೆ ಅವರನ್ನು ಸಾಲಾಗಿ ನಿಲ್ಲಿಸಿ ಎಣಿಸಿದರು. ಆಮೇಲೆ ಗೇಟಿನ ಹತ್ತಿರ ಹಿಂಜರಿದು ನಿಂತಿದ್ದ ನನ್ನನ್ನು ನೋಡಿದರು.

"ಏಮಿರಾ, ಅಲ್ಲೇನು ನಿಂತಿದ್ದೀಯಾ? ಹೆಂಗಸರ ಬ್ಯಾಚು ಮುಗೀಲಿ, ನೀನೂ ಇಳಿ. ಚಡ್ಡಿ ಒಳಗಿದೆ."

ಬೀದಿಯ ಹೆಣ್ಣುಮಕ್ಕಳೂ ಬಂದಿದ್ದರು. ನಾನು ಕಳಿಸಿಬಿಟ್ಟಿದ್ದೆನಲ್ಲ, ಅವರೇ. ಪಾಠ ಮುಗಿಸಿ, ಒದ್ದೆ ಜಡೆ ಹಿಂಡಿಕೊಂಡು, ಒಬ್ಬರೂ ಮನೆಗೆ ಹೋಗದೆ ನನ್ನ ತಮಾಷೆ ನೋಡಲು ಸಾಲಾಗಿ ಕೂತರು. ನಾನು ಮಾವನ ಚಡ್ಡಿಯಲ್ಲಿ ನೀರಿಗಿಳಿದೆ. ಅತ್ತೆ ನನ್ನನ್ನು ಅಂಗಾತ ಮಲಗಿಸಿ ಬೆನ್ನ ಕೆಳಗೆ ಅಂಗೈ ಕೊಟ್ಟರು. ಮೈ ಮರದ ಕೊರಡಿನಂತೆ ಬಿಗಿದುಕೊಂಡಿತ್ತು. ಅವರ ಮುಖ ನನ್ನ ಮೇಲೆ ಬಗ್ಗಿತ್ತು, ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಷ್ಟು ಹತ್ತಿರದಿಂದ ಅವರನ್ನು ನಾನು ಚಿಕ್ಕವನಾಗಿದ್ದಾಗ ನೋಡಿದ್ದಿರಬೇಕು. ಈಗಲೇ ಹೇಳಿಬಿಡಬೇಕು ಅನ್ನಿಸಿತು.

"ಅತ್ತೆ, ಅವತ್ತು ನೀನು ಫೋನ್ ಮಾಡಿದಾಗ ನಾನು…"

"ಬಾಯಿ ಮುಚ್ಚೋ, ನೀರು ಕುಡೀತೀಯ," ಎಂದರು ಅತ್ತೆ.

ಬಾಯಿ ಮುಚ್ಚಿದೆ. ಕಿವಿಗಳು ನೀರೊಳಗೆ ಹೋದವು, ಹೆಣ್ಣುಮಕ್ಕಳ ನಗು ಎಲ್ಲೋ ದೂರ ಸರಿಯಿತು. ಬೆನ್ನ ಕೆಳಗಿನ ಕೈ ಮಾತ್ರ ಹಾಗೆಯೇ ಇತ್ತು.